ಅಮಾಲ್ಫಿ ತೀರಕ್ಕೆ ಮೂರು ದಿನ, ಜೊತೆಗೆ ಮಂಡಿನೋವಿನ ಅಮ್ಮ: ಎಲ್ಲಿ ಉಳಿಯೋದು?

ಇಟಲಿಯ ಅಮಾಲ್ಫಿ ತೀರಕ್ಕೆ ಹೋಗ್ತಿದ್ದೀವಿ, ಅಲ್ಲಿನ ಪೊಸಿಟಾನೊದಲ್ಲೇ ರೂಮ್ ಮಾಡೋಣ ಅಂದುಕೊಂಡಿದ್ದೀವಿ, ಅಮ್ಮನಿಗೆ ಮಂಡಿನೋವು, ಸರಿಹೋಗುತ್ತಾ ಅಂತ ಕೇಳಿದ್ದೀರಿ. ಬೇಡ. ಆ ಊರು ಗುಡ್ಡದಿಂದ ಕಡಲಿನವರೆಗೆ ಬರೀ ಮೆಟ್ಟಿಲು. ಬಾಡಿಗೆಯೂ ಜಾಸ್ತಿ. ಸಂಜೆ ದೋಣಿಯಿಂದ ನೋಡಿ, ಅಲ್ಲಿಂದಲೇ ಅದು ಚೆಂದ.

ನಾವು ಮೇ ತಿಂಗಳಲ್ಲಿ ನಮ್ಮತ್ತೆಯನ್ನು ಕರೆದುಕೊಂಡು ಹೋಗಿದ್ದೆವು. ಉಳಿದದ್ದು ಹತ್ತಿರದ ಸಲೆರ್ನೊ ಊರಿನಲ್ಲಿ. ನೇಪಲ್ಸ್‌ನಿಂದ ನೇರ ರೈಲಿದೆ, ಊರೊಳಗೆ ಕಡಲ ಬದಿಯ ರಸ್ತೆ ಸಮತಟ್ಟು. ಅಲ್ಲಿಂದ ಅಮಾಲ್ಫಿಗೆ ದೋಣಿಯಲ್ಲಿ ಸುಮಾರು 35 ನಿಮಿಷ. ಬಸ್ಸೂ ಇದೆ, ಅಗ್ಗ. ಆದರೆ ಅಮಾಲ್ಫಿಗೆ ಹೋಗುವ ರಸ್ತೆ ತೀರಾ ಕಿರಿದು, ತಿರುವಿನ ಮೇಲೆ ತಿರುವು. ಒಂದು ದಿನ ಬಿಸಿಲಲ್ಲಿ ಕಾದು ನಿಂತಾಗ ಎರಡು ಬಸ್ಸು ತುಂಬಿಕೊಂಡು ನಿಲ್ಲಿಸದೇ ಹೋದವು. ಅತ್ತೆ ಏನೂ ಅನ್ನಲಿಲ್ಲ, ಅದೇ ಭಯ!

ಅಮಾಲ್ಫಿ ಇಷ್ಟು ಚಿಕ್ಕ ಊರು, ಇಷ್ಟು ದೊಡ್ಡ ಚರ್ಚ್ ಯಾಕೆ ಅನ್ನಿಸುತ್ತೆ. ಒಂದು ಕಾಲಕ್ಕೆ ಇದು ಕಡಲ ವ್ಯಾಪಾರದಲ್ಲಿ ಮೆರೆದ ಸ್ವತಂತ್ರ ಗಣರಾಜ್ಯ. ಚರ್ಚಿನ ಕಂಚಿನ ಬಾಗಿಲು 11ನೇ ಶತಮಾನದ್ದು, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಎರಕ ಹೊಯ್ಸಿ ತರಿಸಿದ್ದು. 1343ರಲ್ಲಿ ಕಡಲು ಉಕ್ಕಿ ಕೆಳಗಿನ ಊರು, ಬಂದರು ಎರಡನ್ನೂ ನುಂಗಿತು. ಬಾಗಿಲು ನೋಡಬೇಕಾದರೆ 62 ಮೆಟ್ಟಿಲು ಹತ್ತಬೇಕು. ಅತ್ತೆ ಕೆಳಗೆ ಚೌಕದಲ್ಲೇ ಕೂತು ಐಸ್‌ಕ್ರೀಂ ತಿಂದರು.

ನನಗೆ ಚರ್ಚಿಗಿಂತ ಹಿಡಿಸಿದ್ದು ಕಾಗದದ ಮ್ಯೂಸಿಯಂ. ಹಳೇ ಕಾಗದದ ಗಿರಣಿಯೊಳಗಿದೆ. ದಾರಿ ಏರು, ಆದರೆ ಮೆಟ್ಟಿಲಿಲ್ಲ. ಹಳ್ಳದ ನೀರಿನ ಬಲದಿಂದ ಮರದ ಸುತ್ತಿಗೆಗಳು ಹತ್ತಿ ಬಟ್ಟೆಯ ಚಿಂದಿಯನ್ನು ಜಜ್ಜುತ್ತಿದ್ದವಂತೆ. ನಮ್ಮ ಕೈಗೂ ಜರಡಿ ಕೊಟ್ಟರು. ತೊಟ್ಟಿಯಲ್ಲಿ ಅದ್ದಿ ಮೇಲೆತ್ತಿದರೆ ತಿಳಿಗಂಜಿಯ ಹಾಗೆ ಬಿಳಿ ಪದರ. ನೀರು ಸೋರಿದ ಮೇಲೆ ಅದೇ ಹಾಳೆ. ನಂದು ಒಂದು ಮೂಲೆಯಲ್ಲಿ ಹರಿದೇ ಹೋಯಿತು.

ಪಕ್ಕದ ಅತ್ರಾನಿಗೆ ನಡೆದೇ ಹೋಗಬಹುದು, ಹತ್ತು ನಿಮಿಷ. ವಿಸ್ತೀರ್ಣದಲ್ಲಿ ಇಟಲಿಯ ಅತಿ ಚಿಕ್ಕ ಪುರಸಭೆ ಅದು, 0.12 ಚದರ ಕಿಲೋಮೀಟರ್ ಅಷ್ಟೇ. ಜನಜಂಗುಳಿ ಕಡಿಮೆ. ರವೆಲ್ಲೊ ಅನ್ನೋ ಊರು ಗುಡ್ಡದ ಮೇಲಿದೆ. ಬಸ್ಸಿಗೆ ಕಾಯುವ ಬದಲು ಅಮ್ಮನಿಗಾಗಿ ಟ್ಯಾಕ್ಸಿ ಮಾಡಿ. ಅಲ್ಲಿನ ವಿಲ್ಲಾ ರುಫೊಲೊ ಅನ್ನೋ ಹಳೇ ಬಂಗಲೆಯ ತೋಟದಲ್ಲಿ ಒಂದು ಗಂಟೆ ಸುಮ್ನೆ ಕೂತುಬಿಡಿ.

ಊಟದ ಬಗ್ಗೆ ಒಂದು ಮಾತು. ಸಸ್ಯಾಹಾರಿಗಳಾಗಿದ್ದರೆ 'ಕೊಲತುರಾ' ಹಾಕಿದ್ದೀರಾ ಅಂತ ಕೇಳಿ. ಅದು ಉಪ್ಪು ಹಾಕಿಟ್ಟ ಮೀನಿನಿಂದ ಇಳಿದ ರಸ, ಬರೀ ಬೆಳ್ಳುಳ್ಳಿ ಪಾಸ್ತಾ ಥರ ಕಾಣುವ ತಟ್ಟೆಯಲ್ಲೂ ಇರುತ್ತೆ. ನಿಂಬೆಯನ್ನು ಮಾತ್ರ ಬಿಡಬೇಡಿ. ನಮ್ಮ ಹೇರಳೆಕಾಯಿ ಥರ ಸಿಪ್ಪೆ ದಪ್ಪ, ಆದರೆ ಒಳಗಿನ ಬಿಳಿ ತಿರುಳು ಕಹಿ ಇಲ್ಲ. ಹೋಳು ಮಾಡಿ ಉಪ್ಪು ಹಚ್ಚಿ ಹಾಗೇ ತಿನ್ನಬಹುದು. ಅತ್ತೆ ನಾಲ್ಕು ಹಣ್ಣು ಬ್ಯಾಗಿಗೆ ಹಾಕಿಕೊಂಡರು, ಉಪ್ಪಿನಕಾಯಿಗೆ.

ದೋಣಿ ಚಳಿಗಾಲದಲ್ಲಿ ಇರಲ್ಲ. ಅಲೆ ಜಾಸ್ತಿ ಇದ್ದರೆ ಬೇಸಿಗೆಯಲ್ಲೂ ನಿಲ್ಲಿಸುತ್ತಾರೆ. ಬೆಳಿಗ್ಗೆ ಹತ್ತುವಾಗಲೇ ವಾಪಸ್ ಬರುವ ಕೊನೇ ದೋಣಿ ಎಷ್ಟು ಗಂಟೆಗೆ ಅಂತ ಕೇಳಿಟ್ಟುಕೊಳ್ಳಿ.