ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹಳ್ಳಿಗಾಡಿನ ಜನ ರಾಜ್ಯ ಸರ್ಕಾರಕ್ಕೆ ಬರೆದ ಮನವಿಗಳಿಂದ ಏನಾದರೂ ಪ್ರಯೋಜನವಾಗುತ್ತಿತ್ತೇ?

ಮತದಾನದ ಹಕ್ಕು ಕೆಲವರಿಗಷ್ಟೇ ಇದ್ದ ಕಾಲದಲ್ಲಿ ಗ್ರಾಮೀಣ ಕೌಂಟಿಯೊಂದರ (ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗದ) ಸಾಮಾನ್ಯ ಜನರು ರಾಜ್ಯದ ಶಾಸನಸಭೆಗೆ ಮನವಿ ಬರೆದು ಏನನ್ನು ಕೇಳುತ್ತಿದ್ದರು, ಮತ್ತು ಆ ಮನವಿಗಳಿಗೆ ನಿಜವಾಗಿ ಬೆಲೆ ಇತ್ತೇ ಎಂದು ನೀವು ಕೇಳಿದ್ದೀರಿ. ನಾನು ಗಮನವಿಟ್ಟು ಓದಿರುವುದು ವರ್ಜೀನಿಯಾ ರಾಜ್ಯದ ಮನವಿಗಳನ್ನು. ಆದ್ದರಿಂದ ನನ್ನ ಉತ್ತರವನ್ನು ಆ ರಾಜ್ಯಕ್ಕೆ, ಅದರಲ್ಲೂ ಅದರ ಉತ್ತರ ಭಾಗದಲ್ಲಿರುವ ಫಾಕಿಯರ್ ಕೌಂಟಿಯ ಒಂದು ಪ್ರಕರಣಕ್ಕೆ ಸೀಮಿತಗೊಳಿಸುತ್ತೇನೆ. ರಾಜ್ಯದ ರಾಜಧಾನಿಯಾದ ರಿಚ್ಮಂಡ್ ನಗರದಲ್ಲಿರುವ ವರ್ಜೀನಿಯಾ ಗ್ರಂಥಾಲಯದಲ್ಲಿ 1774ರಿಂದ 1865ರವರೆಗಿನ ಸುಮಾರು 25,000 ಮನವಿಗಳು ಉಳಿದಿವೆ. ಅವುಗಳನ್ನು ಕೌಂಟಿವಾರು ವಿಂಗಡಿಸಿ ಅಂತರ್ಜಾಲದಲ್ಲಿಯೂ ಇರಿಸಿರುವುದರಿಂದ ಆಸಕ್ತಿ ಇರುವ ಯಾರು ಬೇಕಾದರೂ ಮೂಲ ಪ್ರತಿಗಳನ್ನೇ ನೋಡಬಹುದು.

ಇಷ್ಟೊಂದು ಮನವಿಗಳು ಏಕೆ ಬೇಕಾಗಿದ್ದವು ಎಂಬುದನ್ನು ಮೊದಲು ಹೇಳಬೇಕು. ಇಂದು ಒಬ್ಬ ಅಧಿಕಾರಿಯೋ ನ್ಯಾಯಾಲಯವೋ ಮುಗಿಸಿಕೊಡುವ ಎಷ್ಟೋ ಕೆಲಸಗಳಿಗೆ ಆಗ ಶಾಸನಸಭೆಯೇ ಪ್ರತ್ಯೇಕ ಕಾಯಿದೆ ಮಾಡಬೇಕಾಗಿತ್ತು. ವಿವಾಹ ವಿಚ್ಛೇದನ, ಸುಂಕದ ರಸ್ತೆ ನಿರ್ಮಿಸುವ ಕಂಪನಿಯ ಸ್ಥಾಪನೆ, ಶಾಲೆಗೆ ಹಣ ಕೂಡಿಸಲು ಲಾಟರಿ ನಡೆಸುವ ಅನುಮತಿ ಮುಂತಾದವೆಲ್ಲ ಶಾಸನಸಭೆಯ ಬಾಗಿಲಿಗೇ ಹೋಗುತ್ತಿದ್ದವು. ಹೊಸ ಕೌಂಟಿ ಬೇಕೆಂಬ ಮನವಿಗಳು ಬಹಳ ಸಾಮಾನ್ಯ. ಕೋರ್ಟಿನ ಊರು ತುಂಬಾ ದೂರವಿದೆ, ನಡುವೆ ಬೆಟ್ಟವಿದೆ, ಹೊಳೆ ತುಂಬಿದರೆ ದಾಟಲಾಗದು ಎಂಬ ವಾದಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. 1833ರಲ್ಲಿ ಕಲ್ಪೆಪರ್ ಕೌಂಟಿಯನ್ನು ಒಡೆದು ರಪಹ್ಯಾನಕ್ ಕೌಂಟಿಯನ್ನು ರಚಿಸಿದಂತೆ, ಶಾಸನಸಭೆ ಇಂತಹ ಬೇಡಿಕೆಗಳನ್ನು ಕೆಲವೊಮ್ಮೆ ಒಪ್ಪುತ್ತಿತ್ತು. ಆದರೆ ವಿಭಜನೆಯನ್ನು ಕೇಳುವ ಮನವಿಯ ಬೆನ್ನಿಗೇ ಅದನ್ನು ವಿರೋಧಿಸುವ ನೆರೆಯವರ ಮನವಿಯೂ ರಿಚ್ಮಂಡ್ ತಲುಪುತ್ತಿತ್ತು. ಇವೆರಡನ್ನೂ ಜೊತೆಯಾಗಿಟ್ಟು ಓದದಿದ್ದರೆ ಕೌಂಟಿಯ ಒಳಗಿನ ಜಗಳ ಅರ್ಥವಾಗುವುದಿಲ್ಲ.

ಮನವಿಯ ಪಯಣ ಹೀಗಿರುತ್ತಿತ್ತು. ಬರವಣಿಗೆ ಬಲ್ಲವರೊಬ್ಬರು, ಅನೇಕ ಬಾರಿ ಊರಿನ ವಕೀಲರು, ಅದನ್ನು ನಿಗದಿತ ವಿನಯದ ಧಾಟಿಯಲ್ಲಿ ಬರೆದುಕೊಡುತ್ತಿದ್ದರು. ತಿಂಗಳಿಗೊಮ್ಮೆ ಕೌಂಟಿಯ ಕೋರ್ಟು ಸೇರುವ ದಿನ ಸುತ್ತಲಿನ ರೈತರೆಲ್ಲ ಊರಿಗೆ ಬರುತ್ತಿದ್ದುದರಿಂದ ಸಹಿ ಸಂಗ್ರಹಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಇರಲಿಲ್ಲ. ಓದುಬರಹ ತಿಳಿಯದವರು ಗುರುತು ಹಾಕುತ್ತಿದ್ದರು. ಶಾಸನಸಭೆಯಲ್ಲಿ ಮನವಿಯನ್ನು ಒಂದು ಸಮಿತಿಗೆ ಒಪ್ಪಿಸಲಾಗುತ್ತಿತ್ತು, ಮತ್ತು ಗುಮಾಸ್ತರು ಕಾಗದದ ಹಿಂಬದಿಯಲ್ಲಿ ದಿನಾಂಕ, ಸಮಿತಿಯ ಹೆಸರು, ಕೊನೆಗೆ 'ಸಮಂಜಸ' ಅಥವಾ 'ತಿರಸ್ಕೃತ' ಎಂಬ ಷರಾ ಬರೆಯುತ್ತಿದ್ದರು. ಮುಂಬದಿಯಲ್ಲಿ ಒಂದು ಕುಟುಂಬದ ಇಡೀ ಕಷ್ಟವಿರುವ ಹಾಳೆಯ ಹಿಂಬದಿಯಲ್ಲಿ ಆ ಒಂದೇ ಪದವನ್ನು ಓದುವುದು ಇಂದಿಗೂ ನನಗೆ ಸುಲಭವಲ್ಲ.

ಈಗ ಫಾಕಿಯರ್ ಕೌಂಟಿಯ ಪ್ರಕರಣಕ್ಕೆ ಬರುತ್ತೇನೆ. 1806ರಲ್ಲಿ ವರ್ಜೀನಿಯಾ ಒಂದು ಕ್ರೂರ ಕಾನೂನನ್ನು ಮಾಡಿತು. ಅಲ್ಲಿಂದ ಮುಂದೆ ಬಿಡುಗಡೆ ಹೊಂದುವ ಗುಲಾಮರು ಹನ್ನೆರಡು ತಿಂಗಳೊಳಗೆ ರಾಜ್ಯವನ್ನು ಬಿಟ್ಟು ಹೋಗಬೇಕು, ಉಳಿದರೆ ಸ್ವಾತಂತ್ರ್ಯವನ್ನು ಕಳೆದುಕೊಂಡು ಮತ್ತೆ ಮಾರಾಟಕ್ಕೆ ಒಳಗಾಗಬೇಕು ಎಂಬುದು ಅದರ ತಾತ್ಪರ್ಯ. ಕೌಂಟಿಯ ಕೇಂದ್ರವಾದ ವಾರೆಂಟನ್ ಊರಿನ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಗುಲಾಮ, ತಾನು ಸ್ವತಂತ್ರನಾದ ಮೇಲೂ ಅಲ್ಲಿಯೇ ನೆಲೆಸಲು ಅವಕಾಶ ಕೊಡಬೇಕೆಂದು ಶಾಸನಸಭೆಯನ್ನು ಬೇಡಿಕೊಂಡ. ಅವನನ್ನು ಪ್ರತಿದಿನ ಕಾಣುತ್ತಿದ್ದ ಬಿಳಿಯ ಗಣ್ಯರು ಅವನ ಪರವಾಗಿ ಸಹಿ ಮಾಡಿದರು. ಮನವಿ ಒಪ್ಪಿಗೆಯಾಗಿ 1812ರಲ್ಲಿ ಅವನು ಸ್ವತಂತ್ರನಾದ. ಕೆಲವು ವರ್ಷಗಳಲ್ಲಿ ತನ್ನ ಹೆಂಡತಿ ಪ್ಯಾಟಿಯನ್ನೂ ಮಕ್ಕಳನ್ನೂ ಹಣ ಕೊಟ್ಟು ಕೊಂಡುಕೊಂಡ.

ಕಾನೂನಿನ ಇಕ್ಕಟ್ಟು ಶುರುವಾಗುವುದು ಇಲ್ಲಿಂದ. ಅವರನ್ನು ಬಿಡುಗಡೆ ಮಾಡಿದರೆ ಅವರು ವರ್ಷದೊಳಗೆ ರಾಜ್ಯವನ್ನೇ ತೊರೆಯಬೇಕು. ಬಿಡುಗಡೆ ಮಾಡದಿದ್ದರೆ ಕಾನೂನಿನ ಕಣ್ಣಿನಲ್ಲಿ ಅವರು ಅವನ ಸೊತ್ತಾಗಿಯೇ ಉಳಿಯಬೇಕು, ಅವನು ಸತ್ತ ದಿನ ಅವರ ಗತಿ ಏನಾದೀತೆಂಬ ಭಯವನ್ನು ಬದುಕಿನುದ್ದಕ್ಕೂ ಹೊತ್ತುಕೊಂಡಿರಬೇಕು. ಆದ್ದರಿಂದ ಹೆಂಡತಿ ಮಕ್ಕಳೂ ಸ್ವತಂತ್ರರಾಗಿ ವರ್ಜೀನಿಯಾದಲ್ಲಿ ಉಳಿಯಲು ಅನುಮತಿ ಕೊಡಿ ಎಂದು ಅವನು ಮನವಿ ಸಲ್ಲಿಸಿದ. ಅದು ತಿರಸ್ಕೃತವಾಯಿತು. ಮತ್ತೆ ಸಲ್ಲಿಸಿದ, ಮತ್ತೆ ತಿರಸ್ಕೃತವಾಯಿತು. 1820ರ ಮತ್ತು 1830ರ ದಶಕಗಳಲ್ಲಿಯೂ ಈ ಬೇಡಿಕೆ ಮುಂದುವರಿಯಿತು. ನೆರೆಯವರ ಸಹಿಗಳಿಗೆ ಕೊರತೆ ಇರಲಿಲ್ಲ. ಮತದ ಹಕ್ಕಿಲ್ಲದ ಬಿಳಿಯ ಮಹಿಳೆಯರೂ ಮಗಳು ಲೂಸಿಯ ಪರವಾಗಿ ಸಹಿ ಹಾಕಿದರು. ಅವನು 1842ರಲ್ಲಿ ತೀರಿಕೊಂಡ.

ಸಹಿ ಮಾಡಿದವರಲ್ಲಿ ಹಲವರು ಗುಲಾಮಗಿರಿಯನ್ನು ಒಪ್ಪಿಕೊಂಡು ಬದುಕುತ್ತಿದ್ದವರು ಎಂಬುದನ್ನು ಮರೆಯಬಾರದು. ತಮ್ಮ ಊರಿನ, ತಮಗೆ ಗೊತ್ತಿರುವ ಒಬ್ಬ ಪ್ರಾಮಾಣಿಕ ಮನುಷ್ಯನಿಗೆ ರಿಯಾಯಿತಿ ಸಿಗಲಿ ಎಂದಷ್ಟೇ ಅವರು ಕೇಳುತ್ತಿದ್ದರು. ಆ ಕಾನೂನೇ ಅನ್ಯಾಯವೆಂದು ಹೇಳುತ್ತಿರಲಿಲ್ಲ. ಮನವಿಗಳ ಮಿತಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಮತ ಹಾಕಲಾಗದ, ಬಿಳಿಯರ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲೂ ಆಗದ ಕಪ್ಪು ಮನುಷ್ಯನೊಬ್ಬನ ಮಾತು ರಾಜಧಾನಿಯನ್ನು ಮುಟ್ಟಲು ಇದ್ದ ದಾರಿಗಳಲ್ಲಿ ಮನವಿ ಬಹಳ ಮುಖ್ಯವಾದದ್ದು. ಆದರೆ ಆ ದಾರಿಯಲ್ಲಿ ನಡೆಯಲು ಅವನು ತನ್ನ ಹಕ್ಕನ್ನು ಮಂಡಿಸುವ ಬದಲು ತನ್ನ ಒಳ್ಳೆಯತನವನ್ನು, ಅದೂ ಬಿಳಿಯರ ಬಾಯಿಂದಲೇ, ಸಾಬೀತುಪಡಿಸಬೇಕಾಗಿತ್ತು. ಒಳ್ಳೆಯತನ ಸಾಬೀತಾದ ಮೇಲೂ ದೂರದ ಸಭೆ ಇಲ್ಲವೆನ್ನಬಹುದಾಗಿತ್ತು.

ಕಾನೂನನ್ನೇ ಪ್ರಶ್ನಿಸಿದ ಮನವಿಗಳು ಇರಲಿಲ್ಲವೆಂದಲ್ಲ. 1831ರ ಆಗಸ್ಟ್‌ನಲ್ಲಿ ಸೌತಾಂಪ್ಟನ್ ಕೌಂಟಿಯಲ್ಲಿ ನ್ಯಾಟ್ ಟರ್ನರ್ ಮುಂದಾಳತ್ವದ ಗುಲಾಮರ ದಂಗೆ ನಡೆದ ನಂತರದ ಅಧಿವೇಶನಕ್ಕೆ ನಾನಾ ಕೌಂಟಿಗಳಿಂದ ಮನವಿಗಳು ಬಂದವು. ಕೆಲವರು ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗೊಳಿಸಬೇಕೆಂದರು. ಸ್ವತಂತ್ರ ಕಪ್ಪು ಜನರನ್ನು ರಾಜ್ಯದಿಂದಲೇ ಹೊರಹಾಕಬೇಕೆಂದವರೂ ಇದ್ದರು. ಆಗಸ್ಟಾ ಕೌಂಟಿಯ ಮಹಿಳೆಯರು ತಮ್ಮ ಮನೆಗಳ ಸುರಕ್ಷತೆಯ ಹೆಸರಿನಲ್ಲಿ ಗುಲಾಮಗಿರಿಯ ಅಂತ್ಯವನ್ನು ಕೋರಿದರು. ಅವರ ಕಾಳಜಿ ಮುಖ್ಯವಾಗಿ ಬಿಳಿಯ ಕುಟುಂಬಗಳ ಬಗ್ಗೆ ಇತ್ತೆಂಬುದು ನಿಜವಾದರೂ, ಹೆಂಗಸರು ರಾಜ್ಯನೀತಿಯ ಬಗ್ಗೆ ಒಟ್ಟಾಗಿ ಮಾತನಾಡಿದ್ದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ. ಈ ಮನವಿಗಳು ಸದನದಲ್ಲಿ ಬಹಿರಂಗ ಚರ್ಚೆಯನ್ನು ಹುಟ್ಟಿಸಿದವು. 1832ರ ಜನವರಿಯಲ್ಲಿ, ಗುಲಾಮಗಿರಿಯ ರದ್ದತಿಗೆ ಕಾನೂನು ತರುವುದು ಸೂಕ್ತವೆಂಬ ಸೂಚನೆ 58ರ ವಿರುದ್ಧ 73 ಮತಗಳಿಂದ ಬಿದ್ದುಹೋಯಿತು. ಸೋತರೂ, ಹಳ್ಳಿಗಾಡಿನ ಜನರ ಸಹಿಗಳು ಗುಲಾಮಗಿರಿಯ ಅಳಿವು ಉಳಿವಿನ ಪ್ರಶ್ನೆಯನ್ನೇ ಸದನದ ಮತಕ್ಕೆ ತಂದು ನಿಲ್ಲಿಸಿದ್ದವು.

ವಿಚ್ಛೇದನದ ಮನವಿಗಳ ಬಗ್ಗೆಯೂ ಒಂದು ಮಾತು. ಹೊಡೆತ, ಕುಡಿತ, ಪರಿತ್ಯಾಗಗಳ ವಿವರವನ್ನು ನೆರೆಹೊರೆಯವರ ಹೇಳಿಕೆಗಳೊಂದಿಗೆ ರಿಚ್ಮಂಡ್‌ನ ಅಪರಿಚಿತ ಗಂಡಸರ ಸಭೆಗೆ ಒಪ್ಪಿಸಿದ ಹೆಂಗಸರ ಧೈರ್ಯ ದೊಡ್ಡದು. ಅವುಗಳಲ್ಲಿ ಹೆಚ್ಚಿನವನ್ನು ಶಾಸನಸಭೆ ನಿರಾಕರಿಸಿತು.

1851ರ ಸಂವಿಧಾನ ಶಾಸನಸಭೆಯ ವಿಚ್ಛೇದನಾಧಿಕಾರವನ್ನು ತೆಗೆದುಹಾಕಿತು, ಮತ್ತು ಒಂದೊಂದಾಗಿ ಇಂತಹ ವಿಷಯಗಳು ನ್ಯಾಯಾಲಯಗಳ ಪಾಲಾದವು. ಬಿಡುಗಡೆಯಾದವರ ವಿಷಯದಲ್ಲಿ ಮಾತ್ರ ಕಾಲ ಇನ್ನಷ್ಟು ಕಠಿಣವಾಯಿತು: ಸ್ವತಂತ್ರ ಕಪ್ಪು ವ್ಯಕ್ತಿಯು ತನಗೊಬ್ಬ ಯಜಮಾನನನ್ನು ಆರಿಸಿಕೊಂಡು ಮರಳಿ ಗುಲಾಮನಾಗಲು ಅವಕಾಶ ಕೊಡುವ ಕಾನೂನು 1856ರಲ್ಲಿ ಬಂದಿತು. ಹೆಂಡತಿ ಮಕ್ಕಳನ್ನು ಬಿಟ್ಟು ರಾಜ್ಯ ತೊರೆಯಲಾರದೆ ಹಾಗೆ ಕೇಳಿಕೊಂಡವರ ಕಾಗದಗಳೂ ಉಳಿದಿವೆ. ಅವನ್ನು ಓದುವಾಗ 'ಸ್ವಇಚ್ಛೆಯಿಂದ' ಎಂಬ ಮಾತನ್ನು ದಯವಿಟ್ಟು ಇದ್ದಹಾಗೆಯೇ ನಂಬಬೇಡಿ. ಅದರ ಪಕ್ಕದಲ್ಲಿ 1806ರ ಕಾನೂನನ್ನು ಇಟ್ಟುಕೊಂಡು ಓದಿ.