ಅಣುಸ್ಥಾವರದ ವೇಸ್ಟ್ ಸೆಕ್ಷನ್‌ನಲ್ಲಿ ಗುತ್ತಿಗೆ ಕೆಲಸ ಸಿಕ್ಕಿದೆ, ಹೋಗಲೋ ಬೇಡವೋ?

ರಾಯಚೂರಿನವನು, ಐಟಿಐ ಫಿಟ್ಟರ್, ವಿಕಿರಣದ ಭಯ, ಅದರ ಬದಲು ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಬೂದಿ ಲಾರಿ ತುಂಬೋ ಕೆಲಸಕ್ಕೆ ಹೋಗಲಾ ಅಂತ ಕೇಳಿದ್ದೀಯ. ತಮ್ಮಾ, ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಕೇಳ್ಕೊಂಡು ಓಡಾಡಿದ್ದೆ. ಊರು ಗಂಗಾವತಿ, ಅಪ್ಪ ರೈಸ್ ಮಿಲ್ಲಲ್ಲಿ ಹಮಾಲ. ಕೇಳಿದವರೆಲ್ಲ "ಹೋದ್ರ ಮಕ್ಕಳಾಗಂಗಿಲ್ಲ ನೋಡು" ಅಂದ್ರು. ಹೋದೆ. ಈಗ ಎರಡು ಮಕ್ಕಳು, ಎರಡೂ ಕಪಿಗಳು.

ಯಾವ ಸ್ಥಾವರ ಅಂತ ಹೇಳಲ್ಲ, ಯಾಕಂದ್ರೆ ಮುಂದೆ ಹೇಳೋ ತಪ್ಪು ನನ್ನದೇ, ಸ್ಥಾವರದ್ದಲ್ಲ.

ಚಾದಂಗಡಿಯಲ್ಲಿ ಜನ ಹೆದರಿಸೋ ತ್ಯಾಜ್ಯ ನಿನ್ನ ಕೈಗೆ ಬರೋದೇ ಇಲ್ಲ. ರಿಯಾಕ್ಟರಲ್ಲಿ ಉರಿದ ಇಂಧನ ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿರುತ್ತೆ, ಆಮೇಲೆ ತಾರಾಪುರ, ಕಲ್ಪಾಕ್ಕಂ ಕಡೆ ಮರುಸಂಸ್ಕರಣೆಗೆ, ಅಂದ್ರೆ ಮತ್ತೆ ಬಳಸಬಹುದಾದ್ದನ್ನ ಬೇರೆ ಮಾಡೋಕೆ, ಹೋಗುತ್ತೆ. ಅಲ್ಲಿ ಉಳಿಯೋ ಅತಿ ತೀವ್ರ ದ್ರವವನ್ನ ಬೋರೋಸಿಲಿಕೇಟ್ ಗಾಜಿನಲ್ಲಿ ಕರಗಿಸಿ ಸ್ಟೀಲ್ ಡಬ್ಬಿಗೆ ಹೊಯ್ತಾರೆ. 2012ರಲ್ಲಿ ಅಣುತ್ಯಾಜ್ಯ ಕೆಜಿಎಫ್ ಗಣಿಗೆ ಬರುತ್ತೆ ಅಂತ ಸುದ್ದಿಯಾಗಿ ಅಲ್ಲಿ ಜನ ಬೀದಿಗಿಳಿದಿದ್ದರು. ನಾನು ಹೊರಡೋವಾಗ ಅವ್ವನ ತಲೇಲಿ ಅದೇ ಇತ್ತು.

ನನ್ನ ಪಾಲಿಗೆ ಬಂದಿದ್ದು ಹತ್ತಿ ಗ್ಲೌಸು, ಶೂ ಕವರು, ನೆಲ ಒರೆಸಿದ ಮಾಪು, ಪಾಲಿಥೀನ್ ಹಾಳೆ. ಎಲ್ಲಾ ಹಳದಿ ಚೀಲದಲ್ಲಿ ಬರುತ್ತೆ. ಒತ್ತಬಹುದಾದ್ದು, ಒತ್ತಲಾಗದ್ದು, ಹಸಿ ಅಂತ ಬೇರೆ ಮಾಡಬೇಕು. ಚೀಟಿ ಮೇಲೆ ಎಲ್ಲಿಂದ ಬಂತು, ಮೇಲ್ಮೈಯಲ್ಲಿ ವಿಕಿರಣ ಮೀಟರ್ ಎಷ್ಟು ತೋರಿಸ್ತು, ಒಣಗಿದೆಯಾ ಅಂತ ಬರೀಬೇಕು. ಒಣಗಿದ್ದನ್ನ 200 ಲೀಟರ್ ಡ್ರಮ್ಮಿಗೆ ಹಾಕಿ ಹೈಡ್ರಾಲಿಕ್ ಪ್ರೆಸ್ಸಲ್ಲಿ ಒತ್ತಿದ್ರೆ ಐದಾರು ಚೀಲ ರೊಟ್ಟಿ ಥರ ಕೂತ್ಕೊಳ್ಳುತ್ತೆ.

ಈಗ ನನ್ನ ತಪ್ಪು. ಸ್ಥಾವರ ನಿಲ್ಲಿಸಿ ರಿಪೇರಿ ಮಾಡೋ ಶಟ್‌ಡೌನ್ ಟೈಮು, ಚೀಲಗಳ ರಾಶಿ, ಐದೂವರೆಗೆ ಬಸ್ಸು. ಒಂದು ಚೀಲ ಎತ್ತಿದೆ, ಭಾರ. ಕೈ ಹೇಳ್ತು, ಹಸಿ ಅಂತ. ನಮ್ಮದು ಭತ್ತ ಹಲ್ಲಲ್ಲಿ ಕಡಿದು ಹಸಿ ಎಷ್ಟಿದೆ ಅಂತ ಹೇಳೋ ಮನೆತನ. ತೇವ 14 ಪರ್ಸೆಂಟ್ ದಾಟಿದ ಭತ್ತ ಚೀಲದೊಳಗೇ ಕಾದು ಬಿಸಿಯಾಗುತ್ತೆ ಅಂತ ಎರಡನೇ ಕ್ಲಾಸಿಗೇ ಗೊತ್ತಿತ್ತು. ಆದ್ರೂ "ಮಾಪು ಅಲ್ಲವಾ, ಭಾರ ಇರೋದೇ" ಅಂತ ನನಗೆ ನಾನೇ ಹೇಳ್ಕೊಂಡೆ. ಬಿಚ್ಚಲಿಲ್ಲ, ಹಿಚುಕಲಿಲ್ಲ. "ಒಣ" ಅಂತ ಬರೆದೆ. ಬಿಚ್ಚಿದ್ರೆ ಒಣಗಿಸೋ ಟ್ರೇಗೆ ಹಾಕಬೇಕು, ಇನ್ನೊಂದು ಚೀಟಿ, ಇನ್ನೊಂದು ರಿಜಿಸ್ಟರ್ ಎಂಟ್ರಿ, ಇಪ್ಪತ್ತು ನಿಮಿಷ, ಬಸ್ಸು ಹೋಯ್ತು. ಇಷ್ಟೇ ಲೆಕ್ಕ.

ಪ್ರೆಸ್ ಇಳೀತು. ಡ್ರಮ್ಮಿನ ಬಾಯಿಂದ ಕಂದು ನೀರು ಉಕ್ಕಿ ನೆಲಕ್ಕೆ ಬಂತು. ಸುತ್ತ ಟೇಪ್ ಕಟ್ಟಿದ್ರು. ಆ ನೆಲ ಒರೆಸೋಕೆ ಮತ್ತೆ ಮಾಪು, ಮತ್ತೆ ಗ್ಲೌಸು. ಒಂದು ಚೀಲ ಕೊನೆಗೆ ಹನ್ನೊಂದು ಚೀಲ ಆಯ್ತು. ಹೊರಗೆ ಬರುವಾಗ ಮೈಗೆ ವಿಕಿರಣದ ಕೊಳೆ ಅಂಟಿದೆಯಾ ಅಂತ ನೋಡೋ ಮಾನಿಟರ್ ಮೇಲೆ ನಿಂತ್ರೆ ಗಂಟೆ ಬಾರಿಸ್ತು. ಮೂರು ಸಲ ತೊಳೆದ ಮೇಲೆ ಬಿಟ್ರು. ಯಾರಿಗೂ ಏನೂ ಆಗಲಿಲ್ಲ.

ವಾರದಲ್ಲಿ ನನ್ನ ಗೇಟ್‌ಪಾಸ್ ಹೋಯ್ತು. ನೀರು ಚೆಲ್ಲಿದ್ದಕ್ಕಲ್ಲ, "ಒಣ" ಅಂತ ಬರೆದಿದ್ದಕ್ಕೆ. ಆಗ ಅನ್ಯಾಯ ಅನಿಸಿತ್ತು. ಈಗ ಇಲ್ಲ. ಆ ಡ್ರಮ್ಮುಗಳು ಹೋಗೋದು ನೆಲದಡಿಯ ಕಾಂಕ್ರೀಟ್ ಟ್ರೆಂಚಿಗೆ. ತೀವ್ರತೆ ಹೆಚ್ಚಿದ್ದು ಟೈಲ್ ಹೋಲ್ ಅನ್ನೋ ಕೊಳವೆ ಗುಂಡಿಗೆ. ಈ ಕಸದಲ್ಲಿರೋ ಸೀಸಿಯಂ-137 ಅನ್ನೋ ವಿಕಿರಣ ವಸ್ತು ಅರ್ಧ ಆಗೋಕೆ 30 ವರ್ಷ. 300 ವರ್ಷ ಕಾದ್ರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತೆ. ಅಷ್ಟು ಕಾಲ ಮಳೆನೀರು ಒಳಗೆ ಹೋಗದ ಹಾಗೆ ಅಷ್ಟೆಲ್ಲಾ ಕಾಂಕ್ರೀಟ್, ಸುತ್ತ ಬೋರ್‌ವೆಲ್ ಕೊರೆದು ನೀರಿನ ಪರೀಕ್ಷೆ. ಯಾಕಂದ್ರೆ ಸೀಸಿಯಂ ನೀರಲ್ಲಿ ಕರಗಿ ಹೊರಗೆ ಬರಬಹುದು. ನಾನು ಹಸಿ ಚೀಲದ ನೀರನ್ನ ಡ್ರಮ್ಮಿನೊಳಗೇ ಕೂರಿಸಿ, ಒಳಗಿಂದ ತುಕ್ಕು ಹಿಡಿಯೋಕೆ ಕಳಿಸ್ತಿದ್ದೆ. ಸೋರದೇ ಹೋಗಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಅದೇ ಕೆಟ್ಟದ್ದು.

ಅದಕ್ಕೇ ವಿಕಿರಣವೋ ಬೂದಿಯೋ ಅನ್ನೋ ನಿನ್ನ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಲಾರಿಗೆ ಬೂದಿ ತುಂಬುವಾಗ ಎಷ್ಟು ಧೂಳು ನುಂಗಿದೆ ಅಂತ ಎದೆಗೆ ಬ್ಯಾಡ್ಜ್ ಕಟ್ಟಿ ಯಾರು ಅಳೀತಾರೆ? ಇಲ್ಲಿ ಮೈಗೆ ಬಿದ್ದ ವಿಕಿರಣ ಅಳೆಯೋ ಟಿಎಲ್‌ಡಿ ಬ್ಯಾಡ್ಜ್ ಇದೆ, ಮಿತಿ ಇದೆ: ಐದು ವರ್ಷಕ್ಕೆ ಒಟ್ಟು 100 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣದ ಅಳತೆ), ಯಾವ ಒಂದು ವರ್ಷವೂ 30 ದಾಟಬಾರದು. ಹೋಗು. ಆದ್ರೆ ಗುತ್ತಿಗೆದಾರನ ಹತ್ರ ಸಂಬಳಕ್ಕಿಂತ ಮೊದಲು ಡೋಸ್ ರೆಕಾರ್ಡ್, ಅಂದ್ರೆ ಬ್ಯಾಡ್ಜಿನ ಲೆಕ್ಕ, ಕೇಳು, ಪ್ರತಿ ಸಲ ಅಂಕಿ ಬರೆದಿಟ್ಕೋ. ಗುತ್ತಿಗೆದಾರ ಬದಲಾಗ್ತಾನೆ, ದೇಹ ಅದೇ ಇರುತ್ತೆ. ಕೈ ಮುಟ್ಟಿ ನೋಡದ್ದನ್ನ ಚೀಟಿ ಮೇಲೆ ಬರೀಬೇಡ, ಬಸ್ಸು ಹೋದ್ರೂ ಹೋಗಲಿ.

ಇನ್ನೊಂದು. ಮಣಿಕಟ್ಟಿಗೆ ದೇವರ ದಾರ ಇದ್ರೆ ಮನೇಲೇ ಬಿಚ್ಚಿಟ್ಟು ಹೋಗು. ಹುಲಿಗೆಮ್ಮನ ಗುಡಿಯಲ್ಲಿ ಅವ್ವ ಕಟ್ಟಿಸಿದ್ದ ದಾರಕ್ಕೂ ಆ ಕೊಳೆ ಅಂಟಿತ್ತು ಅಂತ ಅವತ್ತು ಕತ್ತರಿಸಿ, ಅದೇ ಹಳದಿ ಚೀಲಕ್ಕೆ ಹಾಕಿದ್ರು. ಅವ್ವಗೆ ಇವತ್ತಿಗೂ ಹೇಳಿಲ್ಲ.