ಹಳೇ ಮನೆ ರಿಪೇರಿ: ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ಒಂದು ಸ್ವಿಚ್ ಬೋರ್ಡ್ ಬಿಚ್ಚಿಸಿ ನೋಡಿ

ನೀವು ಕೇಳಿರುವುದು ಇಷ್ಟು: ಮೈಸೂರಿನಲ್ಲಿ 30×40 ಸೈಟಿನಲ್ಲಿ 35 ವರ್ಷದ ಹಳೇ ಮನೆ, ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ಕೈಯಲ್ಲಿ 10 ಲಕ್ಷ ಇದೆ, ನೆಲಕ್ಕೆ ಗ್ರಾನೈಟಾ ಟೈಲ್ಸಾ, ಇಡೀ ಮನೆಯನ್ನು ಸ್ಮಾರ್ಟ್ ಹೋಮ್ ಮಾಡಿಸಿಬಿಡಲಾ ಅಂತ.

ನಾನು ಇಂಜಿನಿಯರ್ ಅಲ್ಲ, ಡಿಸೈನರ್ ಮೊದಲೇ ಅಲ್ಲ. ಇದೇ ಮೈಸೂರಿನಲ್ಲಿ 1988ರಲ್ಲಿ ಅಪ್ಪ ಕಟ್ಟಿಸಿದ ಒಂಬತ್ತು ಚದರದ ಮನೆಯನ್ನು ನಾಲ್ಕು ತಿಂಗಳು ಧೂಳು ಕುಡಿದುಕೊಂಡು ರಿಪೇರಿ ಮಾಡಿಸಿದವನು. ಸರಿ ಮಾಡಿದ್ದಕ್ಕಿಂತ ತಪ್ಪು ಮಾಡಿದ್ದೇ ಜಾಸ್ತಿ. ಅದನ್ನೇ ಹೇಳುತ್ತೇನೆ, ನಿಮಗೆ ದುಡ್ಡು ಉಳಿಯಬಹುದು.

ಮೊದಲನೇ ತಪ್ಪು ಸ್ವಿಚ್ಚಿನದು. ಕೆಲಸ ಶುರುವಾಗುವ ಮುಂಚೆಯೇ ಆಫರ್ ಇದೆ ಅಂತ ಆನ್‌ಲೈನ್‌ನಲ್ಲಿ ಎಂಟು ಸ್ಮಾರ್ಟ್ ಸ್ವಿಚ್ ಮಾಡ್ಯೂಲ್ ತರಿಸಿಟ್ಟಿದ್ದೆ. ಬೆಂಕಿಪೊಟ್ಟಣದಷ್ಟಿರುತ್ತವೆ, ಸ್ವಿಚ್ಚಿನ ಹಿಂದೆ ತೂರಿಸಿದರೆ ಆಯಿತು, ಫೋನಿನಿಂದಲೇ ಲೈಟ್ ಹಾಕಬಹುದು. ಎಲೆಕ್ಟ್ರಿಷಿಯನ್ ಬಂದು ಮಲಗುವ ರೂಮಿನ ಬೋರ್ಡಿನ ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದರು. ಮರದ ಪೆಟ್ಟಿಗೆ. ಒಳಗೆ ಜೇಡರ ಬಲೆ, ಒಂದು ಸತ್ತ ಹಲ್ಲಿ, ಬಣ್ಣವೇ ಗೊತ್ತಾಗದಷ್ಟು ಕಪ್ಪಾದ ವೈರುಗಳು. ಒಂದು ವೈರನ್ನು ಸ್ವಲ್ಪ ಬಗ್ಗಿಸಿದರು ಅಷ್ಟೇ, ಮೇಲಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. "ಸಾರ್, ಇಲ್ಲಿ ಬರೀ ಫೇಸ್ ಇದೆ. ನ್ಯೂಟ್ರಲ್ ಸೀದಾ ಮೇಲಿಂದ ಫ್ಯಾನಿಗೆ, ಲೈಟಿಗೆ ಹೋಗಿದೆ. ನಿಮ್ಮ ಡಬ್ಬಿ ಇಲ್ಲಿ ಕೆಲಸ ಮಾಡಲ್ಲ" ಅಂದರು. ಫೇಸ್ ಅಂದರೆ ಕರೆಂಟ್ ತರುವ ವೈರು, ನ್ಯೂಟ್ರಲ್ ಅಂದರೆ ಅದು ವಾಪಸ್ ಹೋಗುವ ವೈರು. ಮನೆಯಲ್ಲಿ ಪ್ಲಗ್ ಪಾಯಿಂಟ್ ಇದ್ದ ಬೋರ್ಡುಗಳಿಗೆ ಮಾತ್ರ ನ್ಯೂಟ್ರಲ್ ಬಂದಿತ್ತು. ಅಂಥವು ಇದ್ದದ್ದು ಮೂರು.

ಆ ಕಾಲದಲ್ಲಿ ಸ್ವಿಚ್ ಅಂದರೆ ಫೇಸನ್ನು ಕಡಿದು ಸೇರಿಸುವುದು, ಅಷ್ಟೇ. ನ್ಯೂಟ್ರಲ್ ಅಲ್ಲಿ ಯಾಕೆ ಬೇಕು? ಆದರೆ ಸ್ಮಾರ್ಟ್ ಸ್ವಿಚ್ ಲೈಟ್ ಆರಿದ್ದಾಗಲೂ ವೈಫೈಗೆ ಕಿವಿ ಕೊಟ್ಟು ಎಚ್ಚರವಾಗಿರಬೇಕು, ಅದು ಬದುಕುವುದಕ್ಕೇ ಕರೆಂಟ್ ಬೇಕು, ಆ ಕರೆಂಟ್ ವಾಪಸ್ ಹೋಗಲು ನ್ಯೂಟ್ರಲ್ ಬೇಕು. ನ್ಯೂಟ್ರಲ್ ಇಲ್ಲದೆ ನಡೆಯುವ ಮಾಡೆಲ್‌ಗಳೂ ಇವೆ. ಚಿಕ್ಕ ಎಲ್‌ಇಡಿ ಬಲ್ಬಿಗೆ ಅವನ್ನು ಹಾಕಿದರೆ ಎಷ್ಟೋ ಸಲ ಆರಿಸಿದ ಮೇಲೂ ಬಲ್ಬು ಮಿಣಮಿಣ ಅನ್ನುತ್ತಿರುತ್ತದೆ.

ಹಾಗಾಗಿ ನಿಮ್ಮ 10 ಲಕ್ಷದಲ್ಲಿ ಮೊದಲ ಪಾಲು ವೈರಿಂಗಿಗೆ. ಗೋಡೆ ಹೇಗೂ ಒಡೆಯುತ್ತೀರಿ ಅಲ್ವಾ, ಪ್ರತಿ ಬೋರ್ಡಿಗೂ ನ್ಯೂಟ್ರಲ್ ಎಳೆಸಿ, ಸ್ವಲ್ಪ ಆಳದ ಲೋಹದ ಬಾಕ್ಸ್ ಕೂರಿಸಿ. ಇವತ್ತು ಮಾಮೂಲಿ ಸ್ವಿಚ್ಚೇ ಹಾಕಿದರೂ ನಾಳೆ ಬೇಕಾದಾಗ ಬದಲಾಯಿಸಬಹುದು. ಲೈಟಿಗೆ 1.5 ಸ್ಕ್ವೇರ್ ಎಂಎಂ ವೈರು, ಮಾಮೂಲಿ ಪ್ಲಗ್ಗಿಗೆ 2.5, ಗೀಸರ್, ಎಸಿ, ಇಂಡಕ್ಷನ್ ಒಲೆಗೆ 4. ಅರ್ತಿಂಗ್ ಹೊಸದಾಗಿ ಮಾಡಿಸಿ, ಹಳೇದು ಇದೆ ಅಂತ ಯಾರು ಹೇಳಿದರೂ ಅಳೆಸದೆ ನಂಬಬೇಡಿ. 30 ಮಿಲಿಆಂಪ್‌ನ ಆರ್‌ಸಿಸಿಬಿ ಕಡ್ಡಾಯವಾಗಿ ಇರಲಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಅದು. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಕಾಯುವುದು ವೈರನ್ನು, ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದ ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ವಯಸ್ಸಾದವರ ಮನೆಯಲ್ಲಿ ಇದಕ್ಕಿಂತ ಸ್ಮಾರ್ಟ್ ಆದ ವಸ್ತು ನನಗಂತೂ ಗೊತ್ತಿಲ್ಲ. ಗೇಟಿನ ಹತ್ತಿರ ಒಂದು 16 ಆಂಪ್ ಪಾಯಿಂಟೂ ಇರಲಿ, ಇವತ್ತಲ್ಲ ನಾಳೆ ಎಲೆಕ್ಟ್ರಿಕ್ ಸ್ಕೂಟರ್ ಬಂದೇ ಬರುತ್ತದೆ.

ಎರಡನೇ ಪಾಲು ನೀರಿಗೆ. ತಾರಸಿಯಿಂದ ಇಳಿಯುವ ನೀರು, ಬಾತ್‌ರೂಮಿನಿಂದ ಪಕ್ಕದ ಗೋಡೆಗೆ ಹತ್ತುವ ತೇವ, ಮತ್ತೆ ಒಳಗೆ ತುಕ್ಕು ಹಿಡಿದಿರುವ ಹಳೇ ಕಬ್ಬಿಣದ (ಜಿಐ) ಪೈಪು. ಇವು ಮೂರನ್ನೂ ಮುಗಿಸದೆ ಪೇಂಟಿಗೆ ಕೈ ಹಾಕಬೇಡಿ. ನಮ್ಮ ಮೇಸ್ತ್ರಿ ಹೇಳಿದರೂ ಕೇಳದೆ ಹಬ್ಬದೊಳಗೆ ಮುಗಿಯಲಿ ಅಂತ ದೇವರಮನೆ ಗೋಡೆಗೆ ಪುಟ್ಟಿ ಹೊಡೆಸಿ ಬಣ್ಣ ಬಳಿಸಿದೆ. ಮುಂದಿನ ಮಳೆಗಾಲಕ್ಕೆ ಅದು ದೋಸೆಯ ಹಾಗೆ ಎದ್ದು ಬಂತು. ಹೊಸ ಪೈಪು ಪ್ಲಾಸ್ಟಿಕ್ಕಿನದು ಸಾಕು, ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ನೀರು ಹೊರಗೆ ಹೋಗುವ ತೂತು ಮುಚ್ಚಿ ಎರಡು ದಿನ ನೀರು ನಿಲ್ಲಿಸಿ, ಮಟ್ಟ ಇಳಿಯಲಿಲ್ಲ ಅಂತ ನೋಡಿಯೇ ಟೈಲ್ಸಿನವರನ್ನು ಕರೆಸಿ. ಎರಡು ದಿನದ ಕೂಲಿ ವ್ಯರ್ಥ ಅಂತ ಗೊಣಗುತ್ತಾರೆ. ಗೊಣಗಲಿ.

ಈಗ ನೆಲಕ್ಕೆ ಬರೋಣ. ಗ್ರಾನೈಟಾ ಟೈಲ್ಸಾ ಅಂತ ಕೇಳಿದ್ದೀರಿ, ನಾನು ಕೇಳುವುದು ಈಗಿರುವ ನೆಲ ಯಾವುದು ಅಂತ. ಆ ವಯಸ್ಸಿನ ಮನೆಯಾದರೆ ರೆಡ್ ಆಕ್ಸೈಡ್ ಇರಬೇಕು, ಇಲ್ಲವೇ ಮೊಸಾಯಿಕ್. ಮೊಸಾಯಿಕ್ ಆಗಿದ್ದು, ಕೋಲಿನಿಂದ ಕುಟ್ಟಿದಾಗ ಟೊಳ್ಳು ಸದ್ದು ಬರದಿದ್ದರೆ ದಯವಿಟ್ಟು ಅದನ್ನು ಒಡೆಸಬೇಡಿ. ನಮ್ಮ ಹಾಲ್ ನೆಲದ ಮೊಸಾಯಿಕ್ ಮಾಸಿ ಮಾಸಿ ಸಿಮೆಂಟ್ ಬಣ್ಣಕ್ಕೆ ತಿರುಗಿತ್ತು. ಪಾಲಿಶ್ ಮಾಡುವವರು ಮಿಷನ್ ತಂದು, ಮೊದಲು ಒರಟು ಕಲ್ಲು, ಆಮೇಲೆ ನಯವಾದದ್ದು, ಹೀಗೆ ಒಂದಾದ ಮೇಲೆ ಒಂದು ಉಜ್ಜಿದರು. ನೀರು ಬಿಟ್ಟುಕೊಂಡು ಉಜ್ಜುವುದರಿಂದ ಮೊದಲ ದಿನ ಹಾಲ್ ತುಂಬಾ ಬೂದು ಬಣ್ಣದ ರಾಡಿ, ಅಮ್ಮ ಬಾಗಿಲಲ್ಲಿ ನಿಂತು "ಇದ್ದ ನೆಲಾನೂ ಹಾಳು ಮಾಡ್ಸಿದ್ಯಲ್ಲೋ" ಅಂದರು. ಮೂರನೇ ದಿನ ಸಂಜೆ ಒರೆಸಿ ನೋಡಿದರೆ ಕಪ್ಪು, ಬಿಳಿ, ಹಸಿರು ಚೂರುಗಳು ಒಂದೊಂದೂ ಬೇರೆ ಬೇರೆಯಾಗಿ ಕಾಣಿಸುತ್ತಿದ್ದವು. ಹಸಿರು ಇತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ, ಆ ನೆಲದ ಮೇಲೇ ಅಂಬೆಗಾಲಿಟ್ಟವನು ನಾನು. ಚದರಡಿಗೆ 40 ರೂಪಾಯಿ ಹತ್ತಿರ ಬಿತ್ತು. ಹೊಸ ಟೈಲ್ಸ್, ಕೂಲಿ, ಹಳೇ ನೆಲ ಒಡೆದ ಮಣ್ಣು ಸಾಗಿಸುವುದು ಎಲ್ಲ ಸೇರಿದರೆ ಅದರ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತಿತ್ತು. ಒಂದೇ ಮಾತು, ಆ ರಾಡಿಯನ್ನು ಮೋರಿಗೆ ಬಿಡಲು ಒಪ್ಪಬೇಡಿ. ಪೈಪಿನೊಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಬಕೆಟ್ಟಿಗೆ ತುಂಬಿಸಿ ಹೊರಗೆ ಒಣಗಿಸಿ ಎಸೆಯಬೇಕು.

ರೆಡ್ ಆಕ್ಸೈಡ್ ನೆಲದಲ್ಲಿ ಬಿರುಕು ಜಾಸ್ತಿ ಇದ್ದರೆ ಬೇರೆ ಮಾತು. ಬಿರುಕು ತುಂಬಿದ ತೇಪೆ ಹಳೇ ಕೆಂಪಿಗೆ ಹೊಂದುವುದೇ ಇಲ್ಲ. ಅಂಥ ರೂಮುಗಳಿಗೆ ನಾವು ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. "ಹಳೇ ನೆಲದ ಮೇಲೇ ಅಂಟಿಸಿಬಿಡೋಣ, ಒಡೆಯುವ ಖರ್ಚು ಉಳಿಯುತ್ತದೆ" ಅಂತ ಹೇಳುವವರು ಸಿಗುತ್ತಾರೆ. ಅಂಟಿಸಬಹುದು, ಅದಕ್ಕೆ ಬೇರೆ ಗಮ್ಮೇ ಬರುತ್ತದೆ. ಆದರೆ ನೆಲ ಅರ್ಧ ಇಂಚಿನ ಮೇಲೆ ಏರುತ್ತದೆ, ಎಲ್ಲ ಬಾಗಿಲುಗಳ ಕೆಳಗೆ ಕೊಯ್ಯಿಸಬೇಕು, ಹೊಸ್ತಿಲು ಅಷ್ಟು ಮುಳುಗುತ್ತದೆ. ಅಮ್ಮ ದಿನಾ ಅರಿಶಿನ ಕುಂಕುಮ ಇಡುವ ಹೊಸ್ತಿಲು ಅದು. ಒಪ್ಪಲೇ ಇಲ್ಲ. ಒಡೆಸಿಯೇ ಹಾಕಿಸಿದೆವು.

ಟೈಲ್ಸ್ ಆರಿಸುವಾಗ ಅಂಗಡಿಯ ದೀಪದ ಕೆಳಗೆ ನೋಡಿ ಮಾರುಹೋಗಬೇಡಿ. ಒಂದು ಸ್ಯಾಂಪಲ್ ಮನೆಗೆ ತನ್ನಿ. ಅದರ ಮೇಲೆ ನೀರು ಚೆಲ್ಲಿ ಬರಿಗಾಲಲ್ಲಿ ನಿಂತು, ಪಾದ ಮುಂದಕ್ಕೆ ತಳ್ಳಿ ನೋಡಿ. ಕನ್ನಡಿಯ ಹಾಗೆ ಹೊಳೆಯುವುದು ಆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಮ್ಯಾಟ್ ಫಿನಿಶ್ ತೆಗೆದುಕೊಳ್ಳಿ. ಬಾತ್‌ರೂಮಿಗಂತೂ ಆಂಟಿಸ್ಕಿಡ್ಡೇ ಆಗಬೇಕು, ಜೊತೆಗೆ ಕಮೋಡಿನ ಪಕ್ಕ ಹಿಡಿದು ಏಳಲು ಒಂದು ಸ್ಟೀಲ್ ಕಂಬಿ. ಇದನ್ನು ಅಪ್ಪನಿಗೆ ಕೇಳಿದರೆ "ನನಗೇನು ಆಗಿದೆ" ಅನ್ನುತ್ತಾರೆ, ಕೇಳದೆ ಹಾಕಿಸಿ.

ಗ್ರಾನೈಟ್ ಚೆನ್ನಾಗಿಯೇ ಇದೆ, ಅದೂ ನಮ್ಮ ರಾಜ್ಯದ ಕಲ್ಲು. ಪಕ್ಕದ ಚಾಮರಾಜನಗರದ ಕಪ್ಪು ಕಲ್ಲಿಗೆ ದೇಶದಾಚೆಯೂ ಹೆಸರಿದೆ, ಇಳಕಲ್ಲಿನ ಕೆಂಪು ಕಲ್ಲಿಗೂ ಹಾಗೇ. ಆದರೆ ಅದಕ್ಕೆ ತಕ್ಕ ಜಾಗ ಅಡುಗೆಮನೆ ಕಟ್ಟೆ ಮತ್ತು ಮೆಟ್ಟಿಲು. ಕಟ್ಟೆಗೆ ತಿಳಿ ಬಣ್ಣದ್ದು ಇಷ್ಟವಾದರೆ ಅಂಗಡಿಯಿಂದ ಒಂದು ಚೂರು ಕೇಳಿ ತಂದು, ಎಣ್ಣೆಯಲ್ಲಿ ಕಲಸಿದ ಅರಿಶಿನ ಒಂದು ಕಡೆ, ಹುಣಸೆಹುಳಿ ಇನ್ನೊಂದು ಕಡೆ ಹಚ್ಚಿ ರಾತ್ರಿ ಬಿಟ್ಟು ಬೆಳಗ್ಗೆ ತೊಳೆಯಿರಿ. ನಾನು ತಂದ ಮೂರು ಚೂರುಗಳಲ್ಲಿ ಕಪ್ಪೊಂದೇ ಉಳಿಯಿತು. ಮಾರ್ಬಲ್ ಬೇಡವೇ ಬೇಡ, ನಿಂಬೆಹಣ್ಣು ಹಿಂಡಿದ ಕಡೆಯೆಲ್ಲ ಹೊಳಪು ಹೋಗಿ ಮಚ್ಚೆ ಬೀಳುತ್ತದೆ.

ಅಡುಗೆಮನೆಯಲ್ಲಿ ಕಡಪ ಕಲ್ಲಿನ ಶೆಲ್ಫ್ ಇದ್ದರೆ ನೀವು ಅದೃಷ್ಟವಂತರು. ಮಾಡ್ಯುಲರ್ ಕಿಚನ್ ಮಾಡುವವರು ಬಂದ ಕೂಡಲೇ ಅದನ್ನು ಕಿತ್ತುಹಾಕಿ ಅನ್ನುತ್ತಾರೆ. ನಮಗೂ ಅಂದರು. ಮೂವತ್ತೈದು ವರ್ಷ ಗೆದ್ದಲು ಹತ್ತಿಲ್ಲ, ನೀರಿಗೆ ಊದಿಲ್ಲ, ಇಡ್ಲಿಪಾತ್ರೆ, ಕುಕ್ಕರು, ಡಬ್ಬಗಳ ಭಾರಕ್ಕೆ ಬಗ್ಗಿಲ್ಲ. ಅದನ್ನು ತೆಗೆದು ಪ್ಲೈವುಡ್ ಯಾಕೆ? ಕಲ್ಲು ಹಾಗೇ ಬಿಟ್ಟು ಮುಂದೆ ಅಲ್ಯೂಮಿನಿಯಂ ಫ್ರೇಮಿನ ಬಾಗಿಲು ಹಾಕಿಸಿದೆವು, ನೋಡಿದವರಿಗೆ ಒಳಗೆ ಕಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಹೊಸದಾಗಿ ಮರದ ಕೆಲಸ ಇದ್ದರೆ ಸಿಂಕ್ ಕೆಳಗೆ, ಬಾತ್‌ರೂಮ್ ಪಕ್ಕದ ಗೋಡೆಗೆ ಐಎಸ್ 710 ಮುದ್ರೆ ಇರುವ ಬಿಡಬ್ಲ್ಯೂಪಿ (ಕುದಿನೀರಿಗೂ ಬಿಚ್ಚದ) ಪ್ಲೈವುಡ್ಡೇ ಕೇಳಿ. ಒಣ ರೂಮಿನ ವಾರ್ಡ್‌ರೋಬಿಗೆ ಐಎಸ್ 303 ಸಾಕು.

ಇನ್ನು ಸ್ಮಾರ್ಟ್ ಹೋಮ್. ನಾನು ಖರ್ಚು ಮಾಡಿದ್ದರಲ್ಲಿ ಮನೆಯವರೆಲ್ಲ ಒಪ್ಪಿದ ವಸ್ತು ಒಂದೇ ಒಂದು, ಸಂಪಿನ ಮೋಟರಿಗೆ ಹಾಕಿಸಿದ ವಾಟರ್ ಲೆವೆಲ್ ಕಂಟ್ರೋಲರ್. ಮೊದಲು ಹೇಗಿತ್ತು ಅಂದರೆ ಅಪ್ಪ ಮೋಟರ್ ಹಾಕಿ ಪೇಪರ್ ಓದುತ್ತಾ ಕೂರುತ್ತಿದ್ದರು. ಟ್ಯಾಂಕ್ ತುಂಬಿ ಪಕ್ಕದ ಮನೆಯ ಕಾಂಪೌಂಡಿಗೆ ನೀರು ಸುರಿದು, ಅಲ್ಲಿಂದ ಆಂಟಿ "ರೀ, ನೀರು!" ಅಂತ ಕೂಗಿದ ಮೇಲೆ ಎದ್ದು ಹೋಗುತ್ತಿದ್ದರು. ಈಗ ಟ್ಯಾಂಕ್ ಖಾಲಿಯಾದರೆ ತಾನೇ ಶುರುವಾಗುತ್ತದೆ, ತುಂಬಿದರೆ ನಿಲ್ಲುತ್ತದೆ. ಸಂಪಿನಲ್ಲಿ ನೀರಿಲ್ಲದಿದ್ದರೆ ಓಡುವುದೇ ಇಲ್ಲ. ಇದು ಮುಖ್ಯ, ಎಷ್ಟೋ ಮೋಟರ್ ಸುಟ್ಟುಹೋಗುವುದು ನೀರಿಲ್ಲದೆ ಒಣಗಿ ಓಡಿದಾಗ. ನನಗೆ 5,000 ರೂಪಾಯಿಯೊಳಗೆ ಆಯಿತು. ತೆಗೆದುಕೊಳ್ಳುವಾಗ ತೇಲುವ ಮ್ಯಾಗ್ನೆಟಿಕ್ ಫ್ಲೋಟ್ ಸೆನ್ಸರ್ ಇರುವುದನ್ನೇ ಕೇಳಿ, ನೀರಿನಲ್ಲಿ ಬರೀ ಲೋಹದ ಕಡ್ಡಿ ಮುಳುಗಿಸುವ ಥರದ್ದು ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಕೈಕೊಡುತ್ತದೆ. ಇದಕ್ಕೆ ಆಪ್ ಇಲ್ಲ, ವೈಫೈ ಬೇಡ. ಟ್ಯಾಂಕಿನಿಂದ ಮೋಟರಿನವರೆಗೆ ತೆಳ್ಳಗಿನ ಒಂದು ವೈರು ಇಳಿಯಬೇಕು, ಬಣ್ಣ ಬಳಿಯುವ ಮುಂಚೆ ಅದಕ್ಕೊಂದು ಪೈಪ್ ಹಾಕಿಸಿಬಿಡಿ.

ಬಿಎಲ್‌ಡಿಸಿ ಫ್ಯಾನ್ ಹಾಕಿಸಿ. ಹಳೇ ಫ್ಯಾನ್ 75 ವ್ಯಾಟ್ ತಿನ್ನುವ ಕಡೆ ಇದು 30ರ ಆಸುಪಾಸು. ಯುಪಿಎಸ್ ಮೇಲೂ ಹೆಚ್ಚು ಹೊತ್ತು ನಡೆಯುತ್ತದೆ, ರಾತ್ರಿ ಅಮ್ಮ ಏಳದೆ ರಿಮೋಟಿನಲ್ಲೇ ಕಡಿಮೆ ಮಾಡಿಕೊಳ್ಳುತ್ತಾರೆ. ಸ್ಮಾರ್ಟ್ ಬಲ್ಬ್ ಸುಮ್ನೆ ದಂಡ. ಅಪ್ಪ ಅಭ್ಯಾಸದಂತೆ ಗೋಡೆಯ ಸ್ವಿಚ್ ಆರಿಸುತ್ತಾರೆ, ಅಲ್ಲಿಗೆ ಬಲ್ಬಿನ ಬುದ್ಧಿವಂತಿಕೆಯೂ ಆರಿತು. ನಾನು ತಂದ ಒಂದು ಕಂಪನಿಯ ಬಲ್ಬುಗಳ ಆಪ್ ಎರಡೇ ವರ್ಷಕ್ಕೆ ಕೆಲಸ ನಿಲ್ಲಿಸಿತು. ಈಗ ಅವು ಮಾಮೂಲಿ ಬಲ್ಬು, ಬೆಲೆ ಮಾತ್ರ ಐದು ಪಟ್ಟು. ಕೊಳ್ಳುವುದೇ ಆದರೆ ಪೆಟ್ಟಿಗೆಯ ಮೇಲೆ ಮ್ಯಾಟರ್ ಅಂತ ಇದೆಯಾ ನೋಡಿ. 2022ರಲ್ಲಿ ಬಂದ ಮಾನದಂಡ ಅದು, ಗೂಗಲ್, ಆಪಲ್, ಅಮೆಜಾನ್ ಮೂರರ ಜೊತೆಗೂ ಹೊಂದಿಕೊಳ್ಳುತ್ತದೆ, ಒಂದೇ ಕಂಪನಿಯ ಆಪನ್ನು ನಂಬಿ ಕೂರಬೇಕಿಲ್ಲ.

ಮುಂಬಾಗಿಲಿಗೆ ಸ್ಮಾರ್ಟ್ ಲಾಕ್ ಯೋಚನೆ ಇದ್ದರೆ ಒಂದು ಮಳೆಗಾಲ ಕಾಯಿರಿ. ಹಳೇ ಮರದ ಬಾಗಿಲು ಜುಲೈಯಲ್ಲಿ ಊದಿಕೊಂಡು, ಭುಜ ಕೊಟ್ಟು ತಳ್ಳಿದರೆ ಮಾತ್ರ ಕೂರುತ್ತದೆ. ಲಾಕಿಗೆ ಭುಜ ಇಲ್ಲ. ಅದರ ಬದಲು ಗೇಟಿಗೆ ಒಂದು ವಿಡಿಯೋ ಡೋರ್‌ಫೋನ್ ಸಾಕು, ಅದಕ್ಕೂ ಕ್ಯಾಟ್ 6 ನೆಟ್ವರ್ಕ್ ಕೇಬಲ್ ಈಗಲೇ ಗೋಡೆಯೊಳಗೆ ಎಳೆಸಿ. ರೂಟರನ್ನು ಯುಪಿಎಸ್ ಲೈನಿಗೆ ಕೊಡಿಸಿ, ಕರೆಂಟ್ ಹೋದಾಗ ಎಲ್ಲವೂ ಒಟ್ಟಿಗೆ ಮಂಕಾಗುವುದು ತಪ್ಪುತ್ತದೆ.

ಸೋಲಾರ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇರುವುದು ನಿಜ. ಆದರೆ ಇಬ್ಬರೇ ಇರುವ ಮನೆಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಸದ್ಯಕ್ಕೆ ಉಳಿಯುವುದೇನು? ತಾರಸಿಯಿಂದ ಮೀಟರಿನವರೆಗೆ ಖಾಲಿ ಪೈಪೊಂದನ್ನು ಬಿಟ್ಟಿಡಿ, ಅಷ್ಟು ಸಾಕು.

ಕೊನೆಯದಾಗಿ, ಗೋಡೆ ಮುಚ್ಚುವ ಹಿಂದಿನ ದಿನ ಪ್ರತಿ ಗೋಡೆಯ ಮೇಲೂ ಅಳತೆ ಟೇಪ್ ಹಿಡಿದು ಪೈಪು, ವೈರು ಎಲ್ಲೆಲ್ಲಿ ಹೋಗಿವೆ ಅಂತ ಫೋಟೋ ತೆಗೆದಿಡಿ. ನಾನು ತೆಗೆದಿರಲಿಲ್ಲ. ಗೃಹಪ್ರವೇಶದ ಥರ ಪೂಜೆ ಮಾಡಿದ ಮಾರನೇ ದಿನ ಅಜ್ಜನ ಫೋಟೋಗೆ ಮೊಳೆ ಹೊಡೆಯಲು ಹೋಗಿ ಹೊಸ ಸಿಪಿವಿಸಿ ಪೈಪಿಗೇ ತೂತು ಮಾಡಿದೆ. ಅಲ್ಲಿ ಈಗ ಬಣ್ಣ ಹೊಂದದ ಎರಡು ಟೈಲ್ಸ್ ಇವೆ, ಅವು ಕಾಣದಿರಲಿ ಅಂತಲೇ ಅಜ್ಜನ ಫೋಟೋ ಸ್ವಲ್ಪ ಕೆಳಗೆ ತೂಗುತ್ತಿದೆ.

ನಾಳೆಯೇ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ಒಂದೆರಡು ಬೋರ್ಡ್ ಬಿಚ್ಚಿಸಿ, ಒಂದು ಕೋಲು ಹಿಡಿದು ನೆಲವನ್ನೂ ಕುಟ್ಟಿ ನೋಡಿ. ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, 10 ಲಕ್ಷ ಎಲ್ಲೆಲ್ಲಿಗೆ ಎಷ್ಟು ಅಂತ ಆಮೇಲೆ ಲೆಕ್ಕ ಹಾಕೋಣ.